ಪಂಪ್ ಒಮ್ಮೆ ಹಿಡಿದರೆ ಬಿಡಲ್ಲ ಅಂತಾರಲ್ಲ ಡಾಕ್ಟ್ರೇ, ನಿಜಾನಾ?

ಪ್ರಶ್ನೆ: ನಮ್ಮದು ಸಕಲೇಶಪುರದಿಂದ ಒಳಗೆ ಒಂದು ಹಳ್ಳಿ. ಸ್ವಲ್ಪ ಕಾಫಿ, ಮೆಣಸು, ಮನೆಯಲ್ಲಿ ಎರಡು ಹಸು. ಮಗಳಿಗೆ ಆರೂವರೆ ವರ್ಷ, 20 ಕೆಜಿ ಇದ್ದಾಳೆ. ಎರಡು ವರ್ಷದಿಂದ ಮಳೆ ಹಿಡಿಯುತ್ತಿದ್ದ ಹಾಗೆ ಕೆಮ್ಮು ಶುರು. ರಾತ್ರಿ ಎರಡು, ಮೂರು ಗಂಟೆಗೆ ಎದ್ದು ಕೂತು ಕೆಮ್ಮುತ್ತಾಳೆ, ಎದೆಯಲ್ಲಿ ಸುಯ್ ಸುಯ್ ಅನ್ನುತ್ತೆ. ಹೋದ ವರ್ಷ ನಾಲ್ಕು ಸಲ ಆಸ್ಪತ್ರೆಗೆ ಓಡಿದ್ದೇವೆ. ಪ್ರತಿ ಸಲ ಮಷಿನ್ ಹಬೆ ಕೊಟ್ಟು, ಐದು ದಿನ ಪ್ರೆಡ್ನಿಸೊಲೋನ್ ಬರೆದರು. ಈಗ ಹಾಸನದ ಡಾಕ್ಟರ್ ಇದು ಅಸ್ತಮಾ ಅಂತ ಹೇಳಿ ಬ್ಯುಡೆಸೊನೈಡ್ ಇನ್ಹೇಲರ್ 100 ಮೈಕ್ರೋಗ್ರಾಂ, ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು ಪಫ್, ಮೂರು ತಿಂಗಳು ಕೊಟ್ಟು ಕರೆದುಕೊಂಡು ಬನ್ನಿ ಅಂದಿದ್ದಾರೆ. ತಂದು ಬೀರುವಿನಲ್ಲಿ ಇಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ. ಪಂಪ್ ಹಿಡಿದರೆ ಸಾಯೋ ತನಕ ಬಿಡಲ್ಲ ಅಂತಾರೆ ಅತ್ತೆ. ಸ್ಟೀರಾಯ್ಡ್, ಮಗು ಕುಳ್ಳಗಾಗುತ್ತೆ ಅಂತ ನಾದಿನಿ. ಒಬ್ಬರು ಕೊಡುವ ಪುಡಿ ತಂದು ಹಾಕಿದ್ದೆವು, ನಾಲ್ಕೇ ದಿನಕ್ಕೆ ಕೆಮ್ಮು ನಿಂತಿತು. ಅದನ್ನೇ ಮುಂದುವರಿಸಬಹುದಾ? ಮತ್ತೆ ಇಷ್ಟು ಒಳ್ಳೆ ಗಾಳಿ, ಹಸು ಕರು ಇರೋ ಮನೆಯಲ್ಲಿ ಅಸ್ತಮಾ ಹೇಗೆ ಬರುತ್ತೆ? ಸ್ಕೂಲ್ ಶುರುವಾಗೋಕೆ ಇನ್ನು ಮೂರೇ ವಾರ ಇದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಒಂದು ಸಾಲಿನ ಮೇಲೆ. ತಂದು ಬೀರುವಿನಲ್ಲಿ ಇಟ್ಟಿದ್ದೇನೆ ಅಂದಿದ್ದೀರಲ್ಲ, ಆ ಸಾಲು. ನಿಮ್ಮ ಹೆದರಿಕೆ ಸ್ಟೀರಾಯ್ಡ್ ಬಗ್ಗೆ. ಮಗುವಿಗೆ ಅದು ಬೇಡ ಅಂತ ತಾನೇ ಪಂಪ್ ಎತ್ತಿಟ್ಟಿದ್ದೀರಿ? ಹಾಗಾದರೆ ಮೊದಲು ಒಂದು ಲೆಕ್ಕ ಮಾಡೋಣ.

ಹೋದ ವರ್ಷ ನಾಲ್ಕು ಸಲ ಕೊಟ್ಟ ಪ್ರೆಡ್ನಿಸೊಲೋನ್ ಕೂಡ ಸ್ಟೀರಾಯ್ಡೇ. 20 ಕೆಜಿ ಮಗುವಿಗೆ ದಿನಕ್ಕೆ ಕಡಿಮೆ ಅಂದರೂ 20 ಮಿಲಿಗ್ರಾಂ ಬರೆಯುತ್ತೇವೆ. ಐದು ದಿನಕ್ಕೆ 100. ನಾಲ್ಕು ಸಲಕ್ಕೆ 400 ಮಿಲಿಗ್ರಾಂ. ಈಗ ಬೀರುವಿನಲ್ಲಿರುವ ಪಂಪಿನ ಲೆಕ್ಕ ನೋಡಿ. ಒಂದು ಪಫ್ 100 ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಹತ್ತನೇ ಒಂದು ಭಾಗ. ದಿನಕ್ಕೆ ಎರಡು ಪಫ್ ಅಂದರೆ 0.2 ಮಿಲಿಗ್ರಾಂ. ಒಂದು ದಿನವೂ ತಪ್ಪದೆ ಇಡೀ ವರ್ಷ ಕೊಟ್ಟರೂ 73 ಮಿಲಿಗ್ರಾಂ. ಎರಡು ಔಷಧಿಯ ಶಕ್ತಿ ಬೇರೆ ಬೇರೆ, ಹಾಗಾಗಿ ಬರೀ ತೂಕ ಹೋಲಿಸಿದರೆ ಪೂರ್ತಿ ನ್ಯಾಯ ಆಗುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಗುಳಿಗೆಯೋ ಸಿರಪ್ಪೋ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೂಳೆ, ಚರ್ಮ, ಕಣ್ಣು ಎಲ್ಲಾ ಕಡೆ ಸುತ್ತಿ ಆಮೇಲೆ ಶ್ವಾಸನಾಳಕ್ಕೆ ಬರುತ್ತದೆ. ಪಂಪ್ ನೇರವಾಗಿ ಶ್ವಾಸನಾಳಕ್ಕೇ ಹಾಕುತ್ತದೆ. ನುಂಗಿದ ಅಲ್ಪಸ್ವಲ್ಪವನ್ನೂ ಲಿವರ್ ಬಹುಪಾಲು ಒಡೆದು ಹಾಕುತ್ತದೆ. ಪಂಪಿಗೆ ಹೆದರಿ ಕೂತ ಮನೆಗಳಲ್ಲೇ ಮಕ್ಕಳಿಗೆ ಜಾಸ್ತಿ ಸ್ಟೀರಾಯ್ಡ್ ಹೋಗುತ್ತಿರುವುದನ್ನು ನಾನು ಓಪಿಡಿಯಲ್ಲಿ ಪ್ರತಿ ಮಳೆಗಾಲ ನೋಡುತ್ತೇನೆ. ನಿಮ್ಮ ಮಗಳಿಗೂ ಹಾಗೇ ಆಗಿದೆ.

ಹಾಗಂತ ಆ ನಾಲ್ಕು ಸಲ ಕೊಟ್ಟಿದ್ದು ತಪ್ಪಾಯಿತು ಅಂತ ಅಂದುಕೊಳ್ಳಬೇಡಿ. ಉಸಿರು ಕಟ್ಟುತ್ತಿರುವಾಗ ಅದೇ ಮಗುವನ್ನು ಉಳಿಸುವ ಔಷಧಿ. ಆ ಹಂತಕ್ಕೆ ಪದೇ ಪದೇ ಹೋಗದ ಹಾಗೆ ನೋಡಿಕೊಳ್ಳಬೇಕಿತ್ತು, ಅಷ್ಟೇ.

ಈಗ ಒಳಗೆ ಏನಾಗುತ್ತಿದೆ ಅಂತ ಹೇಳುತ್ತೇನೆ. ನಮ್ಮ ಕಡೆ ಹಿರಿಯರು ಇದಕ್ಕೆ ಗೂರಲು, ಉಬ್ಬಸ ಅಂತಾರೆ. ಮಕ್ಕಳಿಗೆ ಬಂದರೆ ಕಫ ಕಟ್ಟಿದೆ ಅಂತ ಹೇಳಿ ಸುಮ್ಮನಾಗುತ್ತಾರೆ. ಕಫ ಇರುತ್ತದೆ, ಸುಳ್ಳಲ್ಲ. ಆದರೆ ಮೂಲ ಅದಲ್ಲ. ಶ್ವಾಸನಾಳದ ಒಳಗೋಡೆ ಯಾವಾಗಲೂ ಸ್ವಲ್ಪ ಊದಿಕೊಂಡು, ಕೆಂಪಾಗಿ, ಮುಟ್ಟಿದರೆ ಸಿಡುಕುವ ಹಾಗೆ ಇರುತ್ತದೆ. ಒಂದು ನೆಗಡಿ, ಒಂದಿಷ್ಟು ಹೊಗೆ ಸಾಕು, ಸುತ್ತಲಿನ ಸ್ನಾಯು ಬಿಗಿದುಕೊಂಡು ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವ ಸದ್ದೇ ನಿಮಗೆ ರಾತ್ರಿ ಕೇಳಿಸುವ ಸುಯ್ ಸುಯ್.

ಸಾಲ್ಬುಟಮಾಲ್ ಅನ್ನುವ ಪಂಪ್ ಇದೆಯಲ್ಲ, ಮಷಿನ್ ಹಬೆಯಲ್ಲಿ ಹಾಕುವುದೂ ಸಾಮಾನ್ಯವಾಗಿ ಅದನ್ನೇ. ಅದು ಬಿಗಿದ ಸ್ನಾಯುವನ್ನು ಕೆಲವೇ ನಿಮಿಷದಲ್ಲಿ ಸಡಿಲ ಮಾಡುತ್ತದೆ. ಮಗು ನಗುತ್ತದೆ, ನಾವು ಮನೆಗೆ ಹೋಗುತ್ತೇವೆ. ಆದರೆ ಊತ ಹಾಗೇ ಇರುತ್ತದೆ, ನಾಲ್ಕಾರು ಗಂಟೆ ಕಳೆದರೆ ಮತ್ತೆ ಶುರು. ಊತ ಇಳಿಸುವುದು ಬ್ಯುಡೆಸೊನೈಡ್. ಅದಕ್ಕೆ ದಿನಗಳು, ವಾರಗಳು ಬೇಕು. ಒಂದು ಪಫ್ ಕೊಟ್ಟು ಏನೂ ಆಗಲಿಲ್ಲ ಅಂತ ಬಿಟ್ಟವರು ಬಹಳ ಜನ. ಕೆಮ್ಮು ನಿಂತ ಮೇಲೆ ಇನ್ನೇಕೆ ಅಂತ ಬಿಟ್ಟವರು ಅದಕ್ಕಿಂತ ಜಾಸ್ತಿ.

ಅತ್ತೆಯವರ ಮಾತಿಗೆ ಬರುತ್ತೇನೆ. ಅವರು ಸುಮ್ನೆ ಹೇಳಿದ್ದಲ್ಲ, ಕಂಡಿದ್ದನ್ನೇ ಹೇಳಿದ್ದಾರೆ. ಅವರ ಕಾಲದಲ್ಲಿ ಪಂಪ್ ಬರುತ್ತಿದ್ದುದು ಕಾಯಿಲೆ ತೀರಾ ಬಲಿತ ವಯಸ್ಸಾದವರ ಕೈಗೆ. ಅವರು ಕೊನೆಯ ತನಕ ಬಿಡಲಿಲ್ಲ, ಯಾಕೆಂದರೆ ಅವರ ಕಾಯಿಲೆ ಬಿಡಲಿಲ್ಲ. ಬ್ಯುಡೆಸೊನೈಡ್ ಚಟ ಹಿಡಿಸುವ ಔಷಧಿ ಅಲ್ಲ. ಇನ್ನೊಂದು ಪಫ್ ಬೇಕು ಅಂತ ಯಾವ ಮಗುವೂ ಹಟ ಮಾಡುವುದಿಲ್ಲ. ಮೂರು ತಿಂಗಳು ಚೆನ್ನಾಗಿ ಹತೋಟಿಯಲ್ಲಿದ್ದರೆ ನಾವೇ ಪ್ರಮಾಣ ಇಳಿಸುತ್ತಾ ಬರುತ್ತೇವೆ. ಎಷ್ಟೋ ಮಕ್ಕಳಲ್ಲಿ ಒಂದೆರಡು ವರ್ಷದಲ್ಲಿ ಪೂರ್ತಿ ನಿಲ್ಲಿಸಿದ್ದೇವೆ. ಆದರೆ ಇಲ್ಲಿ ಒಂದು ಕಹಿ ಸತ್ಯವೂ ಇದೆ. ಈ ಪಂಪ್ ಅಸ್ತಮಾವನ್ನು ಬುಡಸಮೇತ ಕೀಳುವುದಿಲ್ಲ. 2006ರಲ್ಲಿ ಅಮೆರಿಕದಲ್ಲಿ ಎರಡು, ಮೂರು ವರ್ಷದ 285 ಮಕ್ಕಳ ಮೇಲೆ ನಡೆದ ಅಧ್ಯಯನ ಬಂತು. ಎರಡು ವರ್ಷ ಇನ್ಹೇಲರ್ ಸ್ಟೀರಾಯ್ಡ್ ಕೊಟ್ಟಾಗ ಆ ಮಕ್ಕಳು ಚೆನ್ನಾಗಿದ್ದರು. ನಿಲ್ಲಿಸಿ ಮುಂದಿನ ವರ್ಷ ನೋಡಿದರೆ, ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಅಂದರೆ ಕೊಟ್ಟಷ್ಟು ದಿನ ಕಾಯುತ್ತದೆ. ಬೆಳೆಯುತ್ತಾ ಹೋದ ಹಾಗೆ ಬಹಳ ಮಕ್ಕಳಲ್ಲಿ ಕಾಯಿಲೆ ತಾನೇ ತಣ್ಣಗಾಗುತ್ತದೆ. ಅಲ್ಲಿಯ ತನಕ ಮಗು ರಾತ್ರಿ ಮಲಗಬೇಕು, ಹಗಲು ಓಡಬೇಕು, ಸ್ಕೂಲಿಗೆ ಹೋಗಬೇಕು, ಅಲ್ವಾ?

ನಾದಿನಿಯವರು ಹೇಳಿದ ಎತ್ತರದ ವಿಷಯ ಪೂರ್ತಿ ಸುಳ್ಳಲ್ಲ. ಇದನ್ನು ನಾನು ಯಾವ ತಾಯಿಯ ಹತ್ತಿರವೂ ಮುಚ್ಚಿಡುವುದಿಲ್ಲ. ಅಮೆರಿಕ, ಕೆನಡಾದಲ್ಲಿ 1990ರ ದಶಕದಲ್ಲಿ 5ರಿಂದ 12 ವರ್ಷದ 1,041 ಅಸ್ತಮಾ ಮಕ್ಕಳನ್ನು ಒಂದು ದೊಡ್ಡ ಪ್ರಯೋಗಕ್ಕೆ ಸೇರಿಸಿದರು. ಕೆಲವರಿಗೆ ಇದೇ ಬ್ಯುಡೆಸೊನೈಡ್, ದಿನಕ್ಕೆ 400 ಮೈಕ್ರೋಗ್ರಾಂ, ನಾಲ್ಕರಿಂದ ಆರು ವರ್ಷ. ಅಂದರೆ ನಿಮ್ಮ ಮಗಳಿಗೆ ಬರೆದಿರುವುದರ ಎರಡರಷ್ಟು, ಅದೂ ವರ್ಷಗಟ್ಟಲೆ. ಅವರನ್ನು ಬಿಡದೆ ಹಿಂಬಾಲಿಸಿ, ಸುಮಾರು 25 ವರ್ಷ ಆದಾಗ ಎತ್ತರ ಅಳೆದರು. 2012ರಲ್ಲಿ ಫಲಿತಾಂಶ ಬಂತು. ಔಷಧಿ ಇಲ್ಲದ ಪಫ್ ತೆಗೆದುಕೊಂಡವರಿಗಿಂತ ಬ್ಯುಡೆಸೊನೈಡ್ ತೆಗೆದುಕೊಂಡವರು ಸರಾಸರಿ 1.2 ಸೆಂಟಿಮೀಟರ್ ಕಡಿಮೆ ಇದ್ದರು. ಅರ್ಧ ಇಂಚಿಗಿಂತಲೂ ಕಡಿಮೆ. ಆ ವ್ಯತ್ಯಾಸವೂ ಮೊದಲ ಎರಡು ವರ್ಷದಲ್ಲೇ ಆಗಿದ್ದು, ಆಮೇಲೆ ವರ್ಷ ವರ್ಷ ಜಾಸ್ತಿಯಾಗುತ್ತಾ ಹೋಗಲಿಲ್ಲ.

ಈ ಅರ್ಧ ಇಂಚು ಒಂದು ತಕ್ಕಡಿಯಲ್ಲಿ ಇರಲಿ. ಇನ್ನೊಂದು ಕಡೆ ಏನಿದೆ? ಹತೋಟಿ ಇಲ್ಲದ ಅಸ್ತಮಾ ತಾನೇ ಮಗುವಿನ ಬೆಳವಣಿಗೆ ಹಿಂದೆ ಹಾಕುತ್ತದೆ. ನಿದ್ದೆ ಇಲ್ಲ, ಊಟ ಸೇರಲ್ಲ. ಮೇಲೆ ಪದೇ ಪದೇ ನುಂಗುವ ಸ್ಟೀರಾಯ್ಡ್. ಮೇಲೆ ಹೇಳಿದ ಅದೇ ಮಕ್ಕಳನ್ನು ಗಮನಿಸಿದಾಗ, ಬಾಯಿಂದ ಸ್ಟೀರಾಯ್ಡ್ ಕೋರ್ಸ್ ಜಾಸ್ತಿ ತೆಗೆದುಕೊಂಡ ಹುಡುಗರಲ್ಲಿ ಮೂಳೆ ಗಟ್ಟಿಯಾಗುವುದು ಆ ಲೆಕ್ಕಕ್ಕೇ ಕಡಿಮೆಯಾಗಿತ್ತು. ಇನ್ನು ಜೀವದ ಮಾತು. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ಸುಮಾರು ಶೇ. 13 ಜನ ಭಾರತದಲ್ಲಿದ್ದಾರೆ, ಅಸ್ತಮಾ ಸಾವುಗಳಲ್ಲಿ ಮಾತ್ರ ಶೇ. 40ಕ್ಕಿಂತ ಜಾಸ್ತಿ ನಮ್ಮಲ್ಲೇ. ದಿನಾ ತೆಗೆದುಕೊಳ್ಳಬೇಕಾದ ಔಷಧಿ ತೆಗೆದುಕೊಳ್ಳದೇ ಇರುವುದು ಇದಕ್ಕೆ ಒಂದು ದೊಡ್ಡ ಕಾರಣ. ಮೂರು ತಿಂಗಳಿಗೊಮ್ಮೆ ಬಂದಾಗ ಎತ್ತರ ಅಳೆಸಿ, ಬರೆಸಿಕೊಳ್ಳಿ. ಏರುಪೇರು ಕಂಡರೆ ನಮಗೂ ಬೇಗ ಗೊತ್ತಾಗುತ್ತದೆ.

ಪುಡಿಯ ವಿಷಯ ಓದಿ ನನಗೆ ನಿಜಕ್ಕೂ ಹೆದರಿಕೆ ಆಯಿತು.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗನನ್ನು ಕರೆತಂದಿದ್ದರು. ಎಂಟು ವರ್ಷ. ಕೆನ್ನೆ ಗುಂಡಗೆ, ಕಣ್ಣು ಒಳಗೆ ಹೋದ ಹಾಗೆ, ಹೊಟ್ಟೆ ಮುಂದಕ್ಕೆ, ಕೈಕಾಲು ಮಾತ್ರ ಸಣ್ಣ. ಎಂಟು ತಿಂಗಳಿಂದ ಪುಡಿ ಕೊಡುತ್ತಿದ್ದೇವೆ, ಗೂರಲು ಹೋಯಿತು, ಮೈಯೂ ಕೈ ಹಿಡಿಯಿತು ಅಂತ ಅಜ್ಜಿ ಖುಷಿಯಲ್ಲಿದ್ದರು. ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ಪಕ್ಕದಲ್ಲಿ ನೇರಳೆ ಬಣ್ಣದ ಗೆರೆಗಳು. ಬಿ.ಪಿ. ಜಾಸ್ತಿ. ಅದು ಮೈ ತುಂಬಿದ್ದಲ್ಲ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೋದ ಗುರುತು. ಹೆಸರಿಲ್ಲದ, ಪೊಟ್ಟಣ ಕಟ್ಟಿ ಕೊಡುವ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಗುಳಿಗೆ ಅರೆದು ಬೆರೆಸಿರುವುದು ಮತ್ತೆ ಮತ್ತೆ ಸಿಕ್ಕಿಬಿದ್ದಿದೆ. ನಾಲ್ಕೇ ದಿನಕ್ಕೆ ಕೆಮ್ಮು ನಿಂತಿತು ಅಂದರೆ ನನಗೆ ಮೊದಲು ಬರುವ ಅನುಮಾನವೇ ಅದು. ಎಷ್ಟು ಬೆರೆಸಿದ್ದಾರೆ ಅಂತ ಕೊಡುವವರಿಗೂ ಲೆಕ್ಕ ಇರುವುದಿಲ್ಲ.

ನಿಮ್ಮ ಮಗಳಿಗೆ ನಾಲ್ಕೈದು ದಿನ ಮಾತ್ರ ಕೊಟ್ಟಿದ್ದರೆ ಈಗಲೇ ನಿಲ್ಲಿಸಿ. ವಾರಗಟ್ಟಲೆ ಕೊಟ್ಟಿದ್ದರೆ ಮಾತ್ರ ಮನೆಯಲ್ಲೇ ದಿಢೀರ್ ಅಂತ ನಿಲ್ಲಿಸಬೇಡಿ, ಪೊಟ್ಟಣದ ಸಮೇತ ಡಾಕ್ಟರ್ ಹತ್ತಿರ ಹೋಗಿ. ಹೊರಗಿಂದ ಸ್ಟೀರಾಯ್ಡ್ ಬರುತ್ತಿದ್ದಾಗ ಮೈ ತನ್ನ ಸ್ವಂತ ಸ್ಟೀರಾಯ್ಡ್ ಮಾಡುವುದನ್ನು ನಿಲ್ಲಿಸಿರುತ್ತದೆ. ಆಗ ಒಮ್ಮೆಲೇ ಬಿಟ್ಟರೆ ಸುಸ್ತು, ವಾಂತಿ ಆಗಿ, ಬಿ.ಪಿ. ಕುಸಿದು ಜೀವಕ್ಕೇ ಕಷ್ಟ ಆಗಬಹುದು. ಬೈತಾರೆ ಅಂತ ಡಾಕ್ಟರ್ ಹತ್ತಿರ ಪುಡಿ ವಿಷಯ ಮುಚ್ಚಿಡಬೇಡಿ.

ಇನ್ನು ನೀವು ಕೇಳಿದ ಒಳ್ಳೆಯ ಪ್ರಶ್ನೆ, ಹಸು ಕರು ಇರುವ ಮನೆಯಲ್ಲಿ ಅಸ್ತಮಾ ಹೇಗೆ ಅಂತ. ಇದರ ಬಗ್ಗೆ ನಡೆದಿರುವ ಸಂಶೋಧನೆ ನನಗೆ ಬಹಳ ಇಷ್ಟ. ಅಮೆರಿಕದಲ್ಲಿ ಆಮಿಷ್, ಹಟರೈಟ್ ಅಂತ ಎರಡು ಕೃಷಿಕ ಸಮುದಾಯಗಳಿವೆ. ಎರಡರ ಮೂಲವೂ ಯುರೋಪು, ವಂಶವೂ ಹತ್ತಿರ, ಊಟ, ಜೀವನವೂ ಹೆಚ್ಚು ಕಡಿಮೆ ಒಂದೇ. ಆಮಿಷ್ ಜನ ಇನ್ನೂ ಹಳೇ ಪದ್ಧತಿಯಲ್ಲಿ ಮನೆ ಪಕ್ಕದಲ್ಲೇ ಹಸು, ಕುದುರೆ ಕಟ್ಟಿಕೊಂಡು ಬದುಕುತ್ತಾರೆ. ಹಟರೈಟರದ್ದು ದೊಡ್ಡ ಯಂತ್ರಗಳ ಬೇಸಾಯ, ದನ ದೂರದಲ್ಲಿ. ಆಮಿಷ್ ಮಕ್ಕಳಲ್ಲಿ ಅಸ್ತಮಾ ಶೇ. 5.2, ಹಟರೈಟ್ ಮಕ್ಕಳಲ್ಲಿ ಶೇ. 21.3. ಇದು 2016ರಲ್ಲಿ ಪ್ರಕಟವಾಯಿತು. ಆಮಿಷ್ ಮನೆಯ ಧೂಳು ತಂದು ಇಲಿಗಳ ಮೂಗಿಗೆ ಹಾಕಿ ನೋಡಿದರು, ಆ ಇಲಿಗಳಿಗೂ ಅಸ್ತಮಾದಂಥ ತೊಂದರೆ ಕಡಿಮೆಯಾಯಿತು. ಕೊಟ್ಟಿಗೆಯ ಸೂಕ್ಷ್ಮಜೀವಿಗಳು ಎಳೆಯ ಮೈಯ ರೋಗನಿರೋಧಕ ಶಕ್ತಿಗೆ ಒಂದು ರೀತಿ ಪಾಠ ಹೇಳಿಕೊಡುತ್ತವೆ ಅನ್ನುವುದು ಇದರ ಸಾರ.

ಆದರೆ ಶೇ. 5.2 ಅಂದರೂ ಕೊಟ್ಟಿಗೆ ಪಕ್ಕದ ನೂರು ಮಕ್ಕಳಲ್ಲಿ ಐದು ಮಕ್ಕಳಿಗೆ ಅಸ್ತಮಾ ಬಂದಿದೆ. ಈ ರಕ್ಷಣೆ ಸಿಗುವುದು ಮುಖ್ಯವಾಗಿ ತಾಯಿಯ ಹೊಟ್ಟೆಯಲ್ಲಿದ್ದಾಗ, ಹುಟ್ಟಿದ ಮೊದಲ ಒಂದೆರಡು ವರ್ಷದಲ್ಲಿ. ಈಗ ಕೊಟ್ಟಿಗೆಗೆ ಕಳಿಸಿದರೆ ಅಸ್ತಮಾ ಹೋಗುತ್ತೆ ಅಂತ ಅರ್ಥ ಮಾಡಿಕೊಳ್ಳಬೇಡಿ. ಹುಲ್ಲಿನ ಧೂಳಿಗೆ ಕೆಮ್ಮುತ್ತಾಳೆ ಅಂದರೆ ಹುಲ್ಲು ಎಳೆಯುವಾಗ ದೂರ ಇರಲಿ.

ಜೊತೆಗೆ ನಮ್ಮ ಮಲೆನಾಡಿನ ಮನೆಗಳದ್ದೇ ಕಷ್ಟಗಳಿವೆ. ಹೊರಗೆ ಗಾಳಿ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮಗು ಇರುವುದು ಒಳಗೆ. ಗೋಡೆ ಒಸರುತ್ತದೆ, ಅಟ್ಟದ ಮೇಲಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಹತ್ತಿ ಹಾಸಿಗೆ, ಕಂಬಳಿಯಲ್ಲಿ ಕಣ್ಣಿಗೆ ಕಾಣದ ಧೂಳು ಹುಳ ಬೆಳೆಯಲು ಈ ತೇವಕ್ಕಿಂತ ಒಳ್ಳೆ ಜಾಗ ಬೇಕಿಲ್ಲ. ಬಚ್ಚಲೊಲೆ ದಿನವಿಡೀ ಹೊಗೆಯಾಡುತ್ತದೆ, ಒಣಗದ ಬಟ್ಟೆಯನ್ನು ಆ ಒಲೆ ಮೇಲೇ ಹರವುತ್ತೇವೆ, ಆ ಬಟ್ಟೆ ಹಾಕಿಕೊಂಡೇ ಮಗು ಮಲಗುತ್ತದೆ. ಸಂಜೆ ಸೊಳ್ಳೆ ಬತ್ತಿ. ಮನೆಯಲ್ಲಿ ಎಳೆ ಮಗು ಇದ್ದರೆ ಸಾಂಬ್ರಾಣಿ ಹೊಗೆ. ನನ್ನ ಅನುಭವದಲ್ಲಿ, ಈ ಹೊಗೆ ಒಂದನ್ನು ತಪ್ಪಿಸಿದರೇ ರಾತ್ರಿ ಕೆಮ್ಮು ಎಷ್ಟೋ ಇಳಿದ ಮನೆಗಳಿವೆ. ಸೊಳ್ಳೆ ಪರದೆ ಕಟ್ಟಿ, ಬತ್ತಿ ಬಿಡಿ. ಹಾಸಿಗೆ, ದಿಂಬು, ಕಂಬಳಿ ಈ ವಾರವೇ ಬಿಸಿಲಿಗೆ ಹಾಕಿ, ಆಮೇಲೆ ಬಿಸಿಲು ಸಿಗಲ್ಲ. ಬೀಡಿ, ಸಿಗರೇಟು ಸೇದುವವರು ಮನೆಯಲ್ಲಿದ್ದರೆ, ಜಗಲಿಯಲ್ಲಿ ಸೇದಿದರೂ ಹೊಗೆ ಒಳಗೇ ಬರುತ್ತದೆ.

ಮಳೆ ಹಿಡಿದಾಗಲೇ ಯಾಕೆ ಅಂದರೆ, ತಲೆ ನೆನೆದಿದ್ದಕ್ಕಿಂತ ಸ್ಕೂಲ್ ಶುರುವಾಗಿದ್ದು ದೊಡ್ಡ ಕಾರಣ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಮೂವತ್ತು ಮಕ್ಕಳು, ಒಬ್ಬರ ನೆಗಡಿ ಎಲ್ಲರಿಗೂ. ಮಕ್ಕಳ ಅಸ್ತಮಾ ಕೆರಳುವುದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೆಗಡಿ ವೈರಸ್‌ನಿಂದಲೇ. ಕೆನಡಾ, ಇಂಗ್ಲೆಂಡಿನಲ್ಲಿ ಸ್ಕೂಲ್ ತೆರೆಯುವುದು ಸೆಪ್ಟೆಂಬರ್‌ನಲ್ಲಿ, ಅಲ್ಲಿ ಮಕ್ಕಳ ಅಸ್ತಮಾ ಆಸ್ಪತ್ರೆಗೆ ನುಗ್ಗುವುದೂ ಸೆಪ್ಟೆಂಬರ್‌ನಲ್ಲೇ. ಅದಕ್ಕೇ ಹೇಳುತ್ತಿದ್ದೇನೆ, ಈ ಮೂರು ವಾರ ಬಹಳ ಮುಖ್ಯ. ಇವತ್ತು ಶುರು ಮಾಡಿದರೆ ಸ್ಕೂಲ್ ತೆರೆಯುವ ಹೊತ್ತಿಗೆ ಊತ ಒಂದಿಷ್ಟು ಇಳಿದಿರುತ್ತದೆ.

ಬಾಳೆಹಣ್ಣು, ಮೊಸರಿನಿಂದ ಅಸ್ತಮಾ ಬರುವುದಿಲ್ಲ, ಕೊಡಿ. ನಿರ್ದಿಷ್ಟವಾಗಿ ಯಾವುದೋ ಒಂದು ತಿಂದಾಗಲೆಲ್ಲ ಉಸಿರು ಕಟ್ಟುತ್ತದೆ ಅಂದರೆ ಅದು ಬೇರೆ ಮಾತು, ಡಾಕ್ಟರ್‌ಗೆ ಹೇಳಿ. ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನು ನುಂಗಿಸಿ ಅಂತ ಯಾರಾದರೂ ಹೇಳಬಹುದು. ಸಣ್ಣ ಮಕ್ಕಳ ಗಂಟಲಿಗೆ ಜೀವಂತ ಮೀನು ಬೇಡ, ಉಸಿರು ಕಟ್ಟಿದರೆ ಕಷ್ಟ.

ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ನಿಮ್ಮ ಮಗಳಿಗೆ ಆರೂವರೆ ವರ್ಷ, ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಮಾಡುವ ವಯಸ್ಸು. ಆಗಿಲ್ಲದಿದ್ದರೆ ಕೇಳಿ. ಸುಯ್ ಅನ್ನುವುದೆಲ್ಲ ಅಸ್ತಮಾ ಅಲ್ಲ. ತೂಕ ಇಳಿಯುತ್ತಿದ್ದರೆ, ವಾರಗಟ್ಟಲೆ ಒದ್ದೆ ಕೆಮ್ಮು, ಜ್ವರ ಇದ್ದರೆ ಟಿ.ಬಿ. ನೋಡಬೇಕು. ಕಡಲೆಕಾಯಿ, ಅಡಿಕೆ ಚೂರು, ಕಾಫಿ ಬೀಜ ಬಾಯಲ್ಲಿ ಇಟ್ಟುಕೊಂಡು ಆಡುವಾಗ ದಿಢೀರ್ ಅಂತ ಕೆಮ್ಮು ಶುರುವಾದ ನೆನಪಿದ್ದರೆ, ಅದೂ ಎದೆಯ ಒಂದೇ ಕಡೆ ಸದ್ದು ಇದ್ದರೆ, ಒಳಗೆ ಏನೋ ಸಿಕ್ಕಿಕೊಂಡಿರಬಹುದು. ನೀವು ಬರೆದಿರುವುದು ಮಳೆಗಾಲ, ನಡುರಾತ್ರಿ, ಪದೇ ಪದೇ, ಹಬೆ ಕೊಟ್ಟರೆ ಇಳಿಯುವುದು. ಇದೆಲ್ಲ ಅಸ್ತಮಾ ಕಡೆಗೇ ಬೆರಳು ತೋರಿಸುತ್ತದೆ.

ಪಂಪ್ ಬಿಟ್ಟು ಬೇರೆ ದಾರಿ ಇದೆಯಾ ಅಂತ ನೀವು ಮುಂದೆ ಕೇಳುತ್ತೀರಿ. ಮಾಂಟೆಲುಕಾಸ್ಟ್ ಅನ್ನುವ ಗುಳಿಗೆ, ಸಿರಪ್ ಇದೆ, ನುಂಗಿಸುವುದು ಸುಲಭ ಅಂತ ಬಹಳ ಮನೆಯವರಿಗೆ ಇಷ್ಟ. ಅಸ್ತಮಾಗೆ ಅದು ಇನ್ಹೇಲರ್ ಸ್ಟೀರಾಯ್ಡಿನಷ್ಟು ಕೆಲಸ ಮಾಡುವುದಿಲ್ಲ. 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದರ ಮೇಲೆ ತನ್ನ ಅತ್ಯಂತ ಗಟ್ಟಿ ಎಚ್ಚರಿಕೆ ಹಾಕಿಸಿತು, ಕೆಲವು ಮಕ್ಕಳಲ್ಲಿ ಕೆಟ್ಟ ಕನಸು, ಸಿಡುಕು, ಮಂಕು ಕಾಣಿಸಿಕೊಳ್ಳುತ್ತದೆ ಅಂತ. ಕೊಡಲೇಬಾರದು ಅಂತಲ್ಲ. ಕೊಡುತ್ತಿದ್ದರೆ ಮಗುವಿನ ಸ್ವಭಾವ ಬದಲಾಗುತ್ತಿದೆಯಾ ಅಂತ ಗಮನ ಇರಲಿ.

ಉಬ್ಬಸ ಬಂದಾಗ ಮಾತ್ರ ಸಾಲ್ಬುಟಮಾಲ್ ಕೊಟ್ಟುಕೊಂಡು ಹೋಗುವುದು ಇನ್ನೊಂದು ದಾರಿ. ವರ್ಷಕ್ಕೆ ನಾಲ್ಕು ಸಲ ಆಸ್ಪತ್ರೆಗೆ ಓಡಿದ ಮಗುವಿಗೆ ಅದು ಸಾಲದು, ಖಂಡಿತ ಸಾಲದು. ಊತ ಇಳಿಸುವ ಔಷಧಿಯನ್ನೂ ಸ್ನಾಯು ಸಡಿಲಿಸುವ ಔಷಧಿಯನ್ನೂ ಒಂದೇ ಪಂಪಿನಲ್ಲಿ ಕೊಡುವುದು ಈಗಿನ ಹೊಸ ದಾರಿ. ನ್ಯೂಜಿಲೆಂಡಿನಲ್ಲಿ 5ರಿಂದ 15 ವರ್ಷದ 360 ಮಕ್ಕಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು. ಅಸ್ತಮಾ ಸೌಮ್ಯವಾಗಿರುವ ಮಕ್ಕಳಿಗೆ, ಬೇಕಾದಾಗ ಬರೀ ಸಾಲ್ಬುಟಮಾಲ್ ಬದಲು ಬ್ಯುಡೆಸೊನೈಡ್ ಜೊತೆ ಫಾರ್ಮೊಟೆರಾಲ್ ಇರುವ ಪಂಪ್ ಕೊಟ್ಟಾಗ, ಜೋರಾಗಿ ಕೆರಳುವುದು ಶೇ. 45ರಷ್ಟು ಕಡಿಮೆಯಾಯಿತು. ಬೆಳವಣಿಗೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯ ಸುದ್ದಿ. ಆದರೆ ನಿಮ್ಮ ಮಗಳದ್ದು ಈಗ ಸೌಮ್ಯ ಅನ್ನುವ ಸಾಲಿಗೆ ಬರುವುದಿಲ್ಲ. ಮೊದಲು ದಿನಾ ಕೊಡುವ ಬ್ಯುಡೆಸೊನೈಡ್, ಮೂರು ತಿಂಗಳ ಮೇಲೆ ನೋಡಿ ಮುಂದೆ ಏನು ಅಂತ ಡಾಕ್ಟರ್ ಜೊತೆ ಮಾತಾಡಿ. ನಾನಾಗಿದ್ದರೂ ಇದನ್ನೇ ಬರೆಯುತ್ತಿದ್ದೆ.

ಪಂಪ್ ಕೊಟ್ಟೂ ಉಪಯೋಗ ಆಗಲಿಲ್ಲ ಅಂತ ಬರುವವರಿಗೆ, ನನ್ನ ಮುಂದೆ ಒಂದು ಸಲ ಕೊಟ್ಟು ತೋರಿಸಿ ಅನ್ನುತ್ತೇನೆ. ಹೆಚ್ಚಿನವರು ನೇರ ಬಾಯಿಗೆ ಹೊಡೆಯುತ್ತಾರೆ. ಔಷಧಿ ನಾಲಿಗೆ, ಗಂಟಲಿಗೆ ಬಡಿದು ಅಲ್ಲೇ ಉಳಿಯುತ್ತದೆ. ಮಕ್ಕಳಿಗೆ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ, ಬೇಕೇ ಬೇಕು. ಪಂಪ್ ಚೆನ್ನಾಗಿ ಅಲ್ಲಾಡಿಸಿ, ಸ್ಪೇಸರಿನ ಹಿಂದೆ ಸಿಕ್ಕಿಸಿ. ಅವಳ ವಯಸ್ಸಿಗೆ ಮಾಸ್ಕ್ ಬೇಡ, ತುಟಿ ಬಿಗಿಯಾಗಿ ಮುಚ್ಚಿ ಬಾಯಲ್ಲಿ ಹಿಡಿಯಲಿ. ಒಂದು ಸಲ ಒತ್ತಿ, ನಿಧಾನಕ್ಕೆ ಐದಾರು ಸಲ ಉಸಿರಾಡಲಿ, ನೀವು ಎಣಿಸಿ. ಒಟ್ಟಿಗೆ ಎರಡು ಪಫ್ ಒತ್ತಬೇಡಿ. ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಬರಬಹುದು. ಹಲ್ಲುಜ್ಜುವ ಮುಂಚೆ ಕೊಟ್ಟರೆ ಮರೆಯುವುದೂ ಇಲ್ಲ, ಮುಕ್ಕಳಿಸಿದ ಹಾಗೂ ಆಯಿತು. ವಾರಕ್ಕೊಮ್ಮೆ ಸ್ಪೇಸರನ್ನು ಸೋಪಿನ ನೀರಲ್ಲಿ ಅದ್ದಿ ಹಾಗೇ ಆರಲು ಬಿಡಿ. ಬಟ್ಟೆಯಿಂದ ಉಜ್ಜಿ ಒರೆಸಬೇಡಿ. ಉಜ್ಜಿದರೆ ಪ್ಲಾಸ್ಟಿಕ್ಕಿಗೆ ವಿದ್ಯುತ್ ಹಿಡಿದು, ಔಷಧಿ ಗೋಡೆಗೇ ಅಂಟುತ್ತದೆ.

ಸ್ಪೇಸರ್ ಇಲ್ಲದ ಹೊತ್ತಿಗೆ 500 ಎಂ.ಎಲ್. ನೀರಿನ ಬಾಟಲಿಯೂ ಆಗುತ್ತದೆ. ತಳದಲ್ಲಿ ಪಂಪಿನ ಬಾಯಿ ಅಳತೆಗೆ ತೂತು ಮಾಡಿ, ಸುತ್ತ ಗಾಳಿ ಹೋಗದ ಹಾಗೆ ಟೇಪ್ ಸುತ್ತಿದರೆ ಸಾಕು. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಕ್ಕಳ ವೈದ್ಯರು ಇದನ್ನು ಉಬ್ಬಸ ಬಂದ ಮಕ್ಕಳ ಮೇಲೆ ಪರೀಕ್ಷೆ ಮಾಡಿ, ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಅಂತ 1999ರಲ್ಲೇ ತೋರಿಸಿದರು. ತೋಟದ ಲೈನ್ ಮನೆಗಳಿಂದ ಬರುವ ತಾಯಂದಿರಿಗೆ ನಾವು ಇದನ್ನು ಕೂರಿಸಿಕೊಂಡು ಮಾಡಿ ತೋರಿಸುತ್ತೇವೆ.

ಡಬ್ಬದ ಮೇಲೆ ಎಷ್ಟು ಪಫ್ ಅಂತ ಬರೆದಿರುತ್ತದೆ. ದಿನಕ್ಕೆ ಎರಡರ ಲೆಕ್ಕದಲ್ಲಿ ಯಾವತ್ತು ಮುಗಿಯುತ್ತದೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಖಾಲಿ ಡಬ್ಬದಿಂದಲೂ ಗಾಳಿ ಬರುತ್ತದೆ, ಔಷಧಿ ಬರುವುದಿಲ್ಲ.

ಕೊನೆಗೆ, ನಿಮ್ಮ ಊರು ದೂರ. ಸಕಲೇಶಪುರದಿಂದ ಹಾಸನಕ್ಕೇ 40 ಕಿಲೋಮೀಟರ್, ಮಳೆಯಲ್ಲಿ ಇನ್ನೂ ತಡ. ಅದಕ್ಕೆ ಸಾಲ್ಬುಟಮಾಲ್ ಪಂಪ್ ಒಂದು ಮನೆಯಲ್ಲಿ ಇರಲೇಬೇಕು, ಯಾವಾಗ, ಎಷ್ಟು ಪಫ್ ಅಂತ ಡಾಕ್ಟರ್ ಹತ್ತಿರ ಚೀಟಿಯಲ್ಲಿ ಬರೆಸಿಕೊಂಡು ಬನ್ನಿ, ಅದರ ಒಂದು ಪ್ರತಿ ಸ್ಕೂಲಿನ ಟೀಚರ್‌ಗೂ ಕೊಡಿ. ಉಸಿರೆಳೆದಾಗ ಪಕ್ಕೆಯ ಸಂದು, ಕತ್ತಿನ ಗುಳಿ ಒಳಗೆ ಹೋಗುತ್ತಿದ್ದರೆ, ಒಂದು ಮಾತು ಪೂರ್ತಿ ಆಡಲು ಆಗದಿದ್ದರೆ, ತುಟಿ ನೀಲಿ ಆದರೆ, ಮಗು ಮಂಪರಿಗೆ ಜಾರುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವ ತನಕ, ದಾರಿಯಲ್ಲೂ ಚೀಟಿಯಲ್ಲಿರುವ ಪ್ರಕಾರ ಸ್ಪೇಸರ್‌ನಲ್ಲಿ ಒಂದೊಂದೇ ಪಫ್ ಕೊಡುತ್ತಿರಿ. ಸುಯ್ ಅನ್ನುವ ಸದ್ದು ನಿಂತು ಮಗು ಸುಸ್ತಾಗಿ ಬಿದ್ದುಕೊಂಡರೆ ಕಡಿಮೆಯಾಯಿತು ಅಂತ ತಿಳಿಯಬೇಡಿ, ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ.

ಬ್ಯುಡೆಸೊನೈಡ್ ಇವತ್ತು ರಾತ್ರಿಯಿಂದಲೇ ಶುರು ಮಾಡಿ. ಮೂರು ತಿಂಗಳಿಗೆ ತೋರಿಸಲು ಹೋಗುವಾಗ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಸ್ಪೇಸರನ್ನೂ ಮರೆಯಬೇಡಿ.